ಅತ್ತೆಯ ಕಿವಿ, ಅಳಿಯನ ಕಂಪೈಲರ್

ಅವನಿಗೆ ‘ರೇಡಿಯೋ’ ಎಂಬ ಅಡ್ಡಹೆಸರನ್ನು ಮೊದಲು ಯಾರು ಇಟ್ಟರೋ ಅವನಿಗೇ ಮರೆತುಹೋಗಿತ್ತು. ಕೆಲಸದ ಜಾಗದಲ್ಲೂ ಅದೇ ಹೆಸರು, ಹೆಂಡತಿಯ ಕಡೆಯವರ ಬಾಯಲ್ಲೂ ಅದೇ. ಬಾಯಿ ತೆರೆದರೆ ಮುಚ್ಚುವ ಆಸಾಮಿಯಲ್ಲ. ಹಾಗಂತ ಕೇಳುವವರಿಗೆ ತಲೆನೋವು ತರುವವನೂ ಅಲ್ಲ. ಬಸ್ಸಿನಲ್ಲಿ ಕಂಡ ಚಿಲ್ಲರೆ ಜಗಳವೊಂದನ್ನು ಊಟದ ಮೇಜಿನ ಮುಂದೆ ತಾನೇ ಕಂಡಕ್ಟರ್ ಆಗಿ, ತಾನೇ ಪ್ರಯಾಣಿಕನಾಗಿ, ಕೊನೆಗೆ ಕೆಟ್ಟು ನಿಂತ ಬಸ್ಸೂ ತಾನೇ ಆಗಿ ಆಡಿ ತೋರಿಸಿದನೆಂದರೆ ಭಾವಮೈದುನ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರುತ್ತಿದ್ದ. ಮನೆಯವರೆಲ್ಲ ಒಟ್ಟಿಗೆ ನಕ್ಕ ಸದ್ದು ಕಿವಿಗೆ ಬಿದ್ದರೆ ರೇಡಿಯೋಗೆ ವಾರದ ದಣಿವೆಲ್ಲ ಇಳಿದುಹೋಗುತ್ತಿತ್ತು.

ಆದ್ದರಿಂದಲೇ ಆ ಭಾನುವಾರ ನಡೆದದ್ದು ಅವನಿಗೆ ಅಷ್ಟು ಚುಚ್ಚಿತು. ಕಥೆ ಇನ್ನೇನು ತುತ್ತತುದಿಗೆ ಬಂದಿತ್ತು. ಭಾವಮೈದುನ ಮೇಜು ಗುದ್ದಿ ನಗಲು ಶುರುಮಾಡಿದ್ದ, ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅತ್ತೆ, ಕೂದಲು ಸರಿಮಾಡಿಕೊಳ್ಳುವವರಂತೆ ಕೈಯನ್ನು ಕಿವಿಯ ಹಿಂದಕ್ಕೆ ಒಯ್ದು, ತಟ್ಟೆ ಎತ್ತಿಕೊಂಡು, ತುಟಿಪಿಟಕ್ ಎನ್ನದೆ ಅಡುಗೆಮನೆಯತ್ತ ಎದ್ದು ಹೋದರು. ಹಿಂದಿನ ಭಾನುವಾರವೂ ಹೀಗೇ ಆಗಿತ್ತು. ಅದಕ್ಕೂ ಮೊದಲು ನೆರೆಮನೆಯವರು ಬಂದು ಕೂತಿದ್ದಾಗಲೂ ಆಗಿತ್ತು. ಅವನು ಮಾತಾಡುವಷ್ಟು ಹೊತ್ತು ಎದುರಿಗೇ ಕೂತಿರುತ್ತಾರೆ. ಜನ ನಕ್ಕರೋ, ಎದ್ದರು.

ರೇಡಿಯೋನ ಮುಖ ಸಣ್ಣಗಾಯಿತು. ಅದನ್ನು ಮುಚ್ಚಿಕೊಳ್ಳಲು ಅವನು ಇನ್ನೊಂದು ನಗೆಗೇ ಕೈಹಾಕಿದ.

“ಮೆತ್ತಗೆ ನಗ್ರಪ್ಪಾ, ಮೆತ್ತಗೆ. ಈ ಮನೇಲಿ ನಗಬೇಕಾದ್ರೆ ಅತ್ತೆಯವರ ಹತ್ರ ಲೈಸೆನ್ಸ್ ತಗೋಬೇಕು. ನಾವು ಖುಷಿಯಾಗಿದ್ರೆ ಅವರಿಗೆ ಹೊಟ್ಟೆ ಕಿವುಚುತ್ತೆ.”

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ತಿರುಗಿ ನಿಂತಿದ್ದರು. ಅವನ ಮುಖವನ್ನೇ ನೋಡುತ್ತಿದ್ದರು. ಒಂದು ಚೂರು ನಕ್ಕಂತೆ ಮಾಡಿ ಒಳಗೆ ಹೋದರು. ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಭಾವಮೈದುನನಿಗೆ ಮಾತ್ರ ಮಾತು ಬಹಳ ಹಿಡಿಸಿತು. “ನಗೋಕೆ ಲೈಸೆನ್ಸು!” ಎಂದು ಮತ್ತೆ ಮತ್ತೆ ಹೇಳಿ, “ಭಾವ, ನಿಮ್ಮ ಬಾಯಿ ಬಾಯಲ್ಲ ಬಿಡಿ” ಎಂದ.

ಅತ್ತೆ ಬಟ್ಟೆಗಿರಣಿಯಲ್ಲಿ ಮಗ್ಗ ನಡೆಸಿದವರು. ಸಾಲುಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಪಕ್ಕದವರು ಕೂಗಿದರೂ ಕೇಳುತ್ತಿರಲಿಲ್ಲವಂತೆ. ಅಲ್ಲಿಯ ಹೆಂಗಸರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಜಗಳವೂ ಹಾಗೆಯೇ, ಗುಟ್ಟೂ ಹಾಗೆಯೇ. ಕೆಲಸ ಬಿಡುವ ಹೊತ್ತಿಗೆ ಅವರ ಕಿವಿ ಮುಕ್ಕಾಲು ಹೋಗಿತ್ತು. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದರು. ಟಿವಿಯ ಸದ್ದು ಏರುತ್ತಾ ಹೋಯಿತು, ಕುಕ್ಕರ್ ಕೂಗಿದ್ದು ಗೊತ್ತಾಗದೆ ತಳ ಹತ್ತಿತು, ಯಾರೋ ಬಾಗಿಲು ತಟ್ಟಿ ತಟ್ಟಿ ವಾಪಸು ಹೋದರು. ಆಗ “ಅತ್ತೆ, ನಿಮಗೊಂದು ಹೊಸ ಕಿವಿ ನಾನೇ ಮಾಡ್ಕೊಡ್ತೀನಿ ನೋಡ್ತಿರಿ” ಎಂದು ಎದೆ ತಟ್ಟಿ ಹೇಳಿದವನು ರೇಡಿಯೋ.

ಅದು ಬರೀ ಬಾಯಿಮಾತಾಗಿರಲಿಲ್ಲ. ಅವನು ಕೆಲಸಕ್ಕಿದ್ದದ್ದೇ ಕಿವಿಯಂತ್ರ ಮಾಡುವ ಒಂದು ಸಣ್ಣ ಕಾರ್ಯಾಗಾರದಲ್ಲಿ. ಗಡಿಯಾರದ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಗೋಡೆಗೆಲ್ಲ ಸ್ಪಂಜು ಹೊಡೆದ ಕಿರುಗೂಡು. ಬಂದವರನ್ನು ಅದರೊಳಗೆ ಕೂರಿಸಿ, ಯಾವ ಸ್ವರ ಎಷ್ಟು ಕೇಳುತ್ತದೆಂದು ಮೇಡಂ ಅಳೆಯುತ್ತಿದ್ದರು. ಕಾರ್ಯಾಗಾರ ಅವರದೇ. ಇನ್ನೊಂದು ಕೋಣೆಯಲ್ಲಿ ಕಿಟಕಿಯ ಪಕ್ಕ, ಡಬ್ಬಿಯ ಒಳಭಾಗ ಜೋಡಿಸುವ ಬೆಸುಗೆಯವರ ಮೇಜು, ಗೋಡೆಯ ಪಕ್ಕ ರೇಡಿಯೋನ ಕಂಪ್ಯೂಟರು. ಅವರು ಮಾಡುತ್ತಿದ್ದದ್ದು ದುಬಾರಿ ಯಂತ್ರವಲ್ಲ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡ ಡಬ್ಬಿ, ಅಂಗಿಗೆ ಸಿಕ್ಕಿಸಿಕೊಳ್ಳಲು ಒಂದು ಕ್ಲಿಪ್ಪು, ಅಲ್ಲಿಂದ ಕಿವಿಗೊಂದು ವೈರು. ಆ ಡಬ್ಬಿಯೊಳಗೆ ಒಂದು ಪುಟ್ಟ ಪ್ರೋಗ್ರಾಂ. ಒಬ್ಬೊಬ್ಬರ ಕಿವಿಯ ಅಳತೆಯನ್ನು ಪ್ರೋಗ್ರಾಮಿಗೆ ತುಂಬಿ, ಅದನ್ನು ಕಂಪೈಲ್ ಮಾಡಿ, ಡಬ್ಬಿಗೆ ಇಳಿಸುವುದು ರೇಡಿಯೋನ ಕೆಲಸ.

ಆ ಕಂಪ್ಯೂಟರಿನಲ್ಲಿದ್ದದ್ದು ಯುನಿಕ್ಸ್ ಜಾತಿಯ ವ್ಯವಸ್ಥೆ. ಅಂಥ ಕಡೆ ‘ಸಿಸಿ’ ಎಂಬುದು ಒಂದು ಹೆಸರು ಮಾತ್ರ. ಸಿ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಮಾಡಿಕೊಡುವ ಕಂಪೈಲರನ್ನು ಕೂಗಿ ಕರೆಯುವ ಹೆಸರು. ಆ ಕೂಗಿಗೆ ಓಗೊಟ್ಟು ಯಾರು ಎದ್ದು ಬರಬೇಕು ಎಂಬುದನ್ನು ಕಂಪ್ಯೂಟರು ನೋಡಿಕೊಳ್ಳುವವನು ಮೊದಲೇ ಗೊತ್ತುಮಾಡಿರುತ್ತಾನೆ. ಅಲ್ಲಿ ಆ ಹೆಸರು ಒಂದು ಹಳೆಯ ಕಂಪೈಲರನ್ನು ತೋರಿಸುತ್ತಿತ್ತು. ಕಿವಿಯಂತ್ರದ ಪ್ರೋಗ್ರಾಂ ಬರೆದ ಎಂಜಿನಿಯರು ಅದರ ಮೇಲೆಯೇ ಎಲ್ಲವನ್ನೂ ಪರೀಕ್ಷಿಸಿ ಹೋಗಿದ್ದರು. ರೇಡಿಯೋ ಕೆಲಸಕ್ಕೆ ಸೇರಿದ ದಿನವೇ ಮೇಡಂ ಹೇಳಿದ್ದರು: “ಬೇರೆ ಏನು ಬೇಕಾದ್ರೂ ಹಾಕ್ಕೊಳ್ಳಿ, ತೆಗೀರಿ. ಸಿಸಿ ಅನ್ನೋ ಹೆಸರಿನ ತಂಟೆಗೆ ಮಾತ್ರ ಹೋಗ್ಬೇಡಿ.” “ಆಯ್ತು ಮೇಡಂ” ಎಂದಿದ್ದ.

ಆಮೇಲೆ ಚದುರಂಗದ ಹುಚ್ಚು ಹತ್ತಿತು. ಯಾರೋ ಪುಣ್ಯಾತ್ಮರು ಬರೆದು ಹಂಚಿದ ಚದುರಂಗದ ಪ್ರೋಗ್ರಾಂ ಒಂದು ಸಿಕ್ಕಿತು. ಮಧ್ಯಾಹ್ನದ ಬಿಡುವಿನಲ್ಲಿ ಅದರೊಡನೆ ಆಡಬೇಕೆಂಬ ಆಸೆ. ಹಳೆಯ ಕಂಪೈಲರು ಅದನ್ನು ಮೂಸಿಯೂ ನೋಡಲಿಲ್ಲ, ಪರದೆಯ ತುಂಬ ದೂರು ಕಕ್ಕಿತು. ರೇಡಿಯೋ ಹೊಸ ಕಂಪೈಲರನ್ನು ತಂದು ಹಾಕಿದ. ತಪ್ಪು ಅದಲ್ಲ. ಚದುರಂಗಕ್ಕೆ ಮಾತ್ರ ಹೊಸದನ್ನು ಅದರ ಪೂರ್ತಿ ಹೆಸರು ಹಿಡಿದು ಕರೆಯಬಹುದಿತ್ತು. ಪ್ರತಿ ಸಲ ಅಷ್ಟುದ್ದ ಟೈಪ್ ಮಾಡಲು ಬೇಸರವಾಗಿ, ಡೀಫಾಲ್ಟ್ ಬದಲಿಸುವ ಆಜ್ಞೆ ಕೊಟ್ಟ. ಎರಡು ಕಂಪೈಲರುಗಳ ಪಟ್ಟಿ ಬಂತು. ಹೊಸದರ ಮುಂದಿದ್ದ ಅಂಕಿ ಒತ್ತಿದ. ಅಲ್ಲಿಂದಾಚೆಗೆ ‘ಸಿಸಿ’ ಎಂದು ಕರೆದರೆ ಎದ್ದು ಬರುವವನು ಬೇರೆಯವನಾದ. ಆಟ ಮುಗಿದ ಮೇಲೆ ಹಿಂದಕ್ಕೆ ತಿರುಗಿಸಿದರಾಯಿತು ಎಂದುಕೊಂಡ. ಆಟ ಮುಗಿಯಿತು, ಸೋತ. ಸೋತ ಸಿಟ್ಟಿನಲ್ಲಿ ತಿರುಗಿಸುವುದು ಮರೆತ.

ಆ ವಾರವೇ ಅತ್ತೆಯನ್ನು ಕರೆತಂದು ಗೂಡಿನಲ್ಲಿ ಕೂರಿಸಿ ಅಳತೆ ತೆಗೆಸಿದ್ದು. ಅವರ ಡಬ್ಬಿಯನ್ನು ಅವನೇ ಆರಿಸಿದ, ಚೂಪಾದ ಅಂಚನ್ನು ಅವನೇ ಉಜ್ಜಿ ನಯಮಾಡಿದ. ವೈರು ಸಿಕ್ಕಿಸಿ “ಅತ್ತೆ, ಕೇಳ್ತಾ?” ಎಂದಾಗ ಅವರು ಕಿಟಕಿಯ ಕಡೆ ತಿರುಗಿ, “ಕೆಳಗಡೆ ಅಷ್ಟೊಂದು ಗಡಿಯಾರ ಇದೆಯಾ?” ಎಂದಿದ್ದರು. ಆ ಮಾತನ್ನು ರೇಡಿಯೋ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ.

ಇಷ್ಟೆಲ್ಲ ಮಾಡಿದವನ ಮಾತಿಗೆ ಇದೇನಾ ಮರ್ಯಾದೆ? ಭಾನುವಾರದ ಆ ಉರಿ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದಾಗಲೂ ಆರಿರಲಿಲ್ಲ. ಅದೇ ಗಳಿಗೆಯಲ್ಲಿ ಮೆಟ್ಟಿಲು ಹತ್ತಿಕೊಂಡು ಒಬ್ಬ ಬಡಗಿ ಬಂದ. ಹೋದ ತಿಂಗಳು ಯಂತ್ರ ಒಯ್ದವನು.

“ಇದು ಹೊಡೆಯುತ್ತೆ ಸ್ವಾಮಿ” ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ.

“ನೀವು ಮೊಳೆ ಹೊಡೀತೀರಿ, ಅದು ನಿಮಗೆ ಹೊಡೆಯುತ್ತೆ. ಲೆಕ್ಕ ಸರಿಹೋಯ್ತಲ್ಲ” ಎಂದ ರೇಡಿಯೋ.

ಬಡಗಿ ನಗಲಿಲ್ಲ. “ತಮಾಷೆ ಆಮೇಲೆ ಮಾಡೋಣ. ಮಾತೆಲ್ಲ ಚೆನ್ನಾಗೇ ಕೇಳುತ್ತೆ. ಜೋರು ಸದ್ದು ಬಂದ್ರೆ ಮಾತ್ರ ಕಿವಿಯೊಳಗೆ ಸಿಡಿಯುತ್ತೆ. ನೀವೇ ಹಾಕ್ಕೊಂಡು ನೋಡಿ.”

ನೀರು ತಾಗಿಸಿರುತ್ತಾನೆ, ಬೀಳಿಸಿರುತ್ತಾನೆ ಎಂದುಕೊಂಡೇ ರೇಡಿಯೋ ವೈರನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡ. ಬಡಗಿ ಬೆಸುಗೆಯವರ ಮೇಜಿನಿಂದ ಉಕ್ಕಿನ ಅಳತೆಪಟ್ಟಿ ಎತ್ತಿ ಮೇಜಿಗೆ ಒಂದೇಟು ಬಾರಿಸಿದ. ಕಿವಿಯೊಳಗೆ ಯಾರೋ ತಗಡನ್ನು ಚರ್ರೆಂದು ಹರಿದು ಆ ಅಂಚಿನಿಂದಲೇ ಗೀರಿದಂತಾಯಿತು. ರೇಡಿಯೋನ ಕೈ ತಾನಾಗಿ ಮೇಲಕ್ಕೆ ಹಾರಿ ಕಿವಿಯ ಹಿಂದೆ ಹೋಗಿ ನಿಂತಿತು.

ಕೈ ಅಲ್ಲೇ ಇತ್ತು. ಈ ಕೈ ಹೀಗೆ ಏಳುವುದನ್ನು ಅವನು ಎಲ್ಲೋ ನೋಡಿದ್ದ. ಎಲ್ಲಿ ಎಂದು ನೆನಪಿಸಿಕೊಳ್ಳಲು ಬಹಳ ಹೊತ್ತು ಬೇಕಾಗಲಿಲ್ಲ.

“ಆಯ್ತಾ?” ಎಂದ ಬಡಗಿ.

ಬೆಸುಗೆಯವರು ಡಬ್ಬಿ ಬಿಚ್ಚಿ ನೋಡಿ ಬೋರ್ಡು ಸರಿಯಾಗಿದೆ ಎಂದರು. ರೇಡಿಯೋಗೆ ಅದು ಆಗಲೇ ಗೊತ್ತಿತ್ತು. ಕಂಪ್ಯೂಟರಿನ ಮುಂದೆ ಕೂತು, ‘ಸಿಸಿ’ ಈಗ ಯಾರನ್ನು ತೋರಿಸುತ್ತಿದೆ ಎಂದು ಕೇಳಿದ. ಪರದೆ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿತು. ಅವನು ತಂದು ಹಾಕಿದ್ದ ಹೊಸ ಕಂಪೈಲರು. ಚದುರಂಗದ ದಿನದಿಂದ ಈವರೆಗೆ ಹೊರಗೆ ಹೋದ ಪ್ರತಿಯೊಂದು ಡಬ್ಬಿಯ ಪ್ರೋಗ್ರಾಮೂ ಅದರ ಕೈಯಿಂದಲೇ ತಯಾರಾಗಿತ್ತು.

ಏನಾಗಿದೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಜೋರು ಸದ್ದು ಬಂದಾಗ ಒಳಗಿನ ಸಂಖ್ಯೆಗಳು ಕೂಡಿ ಕೂಡಿ ಹಿಡಿಸಲಾರದಷ್ಟು ದೊಡ್ಡದಾಗಿ, ಮಗುಚಿ ಬಿದ್ದು ಸೊನ್ನೆಗಿಂತ ಕೆಳಗಿನ ಸಂಖ್ಯೆಯಾಗಿಬಿಡುತ್ತವೆ. ಹಾಗೆ ಮಗುಚಿದ್ದು ಕಂಡರೆ ಸದ್ದನ್ನು ಮಿತಿಯಲ್ಲಿ ಹಿಡಿದು ನಿಲ್ಲಿಸು ಎಂದು ಹಳೆಯ ಎಂಜಿನಿಯರು ಒಂದು ಕಾವಲಿನ ಸಾಲು ಬರೆದಿದ್ದರು. ಹಳೆಯ ಕಂಪೈಲರು ಬರೆದದ್ದನ್ನು ಬರೆದ ಹಾಗೆ ಪಾಲಿಸುತ್ತಿತ್ತು. ಹೊಸದು ಬುದ್ಧಿವಂತ. ಸೊನ್ನೆಗಿಂತ ಮೇಲಿನ ಎರಡು ಸಂಖ್ಯೆ ಕೂಡಿದರೆ ಮೊತ್ತ ಸೊನ್ನೆಗಿಂತ ಕೆಳಗೆ ಹೋಗುವ ಪ್ರಶ್ನೆಯೇ ಇಲ್ಲ, ಭಾಷೆಯ ನಿಯಮದ ಪ್ರಕಾರ ಇದು ನಡೆಯಕೂಡದ ಸಂಗತಿ, ಹಾಗಾಗಿ ಈ ಕಾವಲು ದಂಡ ಎಂದು ತೀರ್ಮಾನಿಸಿ ಆ ಸಾಲನ್ನೇ ಕಿತ್ತುಹಾಕಿತ್ತು.

ರೇಡಿಯೋ ಮೇಡಂ ಕೋಣೆಗೆ ಹೋಗುವಾಗ ಮಾತನ್ನು ಹೊಂದಿಸಿಕೊಂಡೇ ಹೋದ. ಅದು ಅವನಿಗೆ ಕಷ್ಟದ ಕೆಲಸವಲ್ಲ.

“ಮೇಡಂ, ಹಳೇ ಎಂಜಿನಿಯರ್ ಬರೆದ ಪ್ರೋಗ್ರಾಮಲ್ಲಿ ಒಂದು ತಪ್ಪು ಸಿಕ್ಕಿದೆ. ಕೂಡಿಸೋಕೆ ಮುಂಚೆ ನೋಡ್ಬೇಕಾಗಿದ್ದನ್ನ ಅವರು ಕೂಡಿಸಿದ ಮೇಲೆ ನೋಡಿದಾರೆ. ನಿಯಮದ ಪ್ರಕಾರ ಅದು ತಪ್ಪು.”

ಮೇಡಂ ಕನ್ನಡಕ ತೆಗೆದು ಕೆಳಗಿಟ್ಟರು. “ಹೌದಾ? ಇಷ್ಟು ವರ್ಷ ಅದು ಯಾರ ಕಿವಿಗೂ ಹೊಡೆದಿರಲಿಲ್ಲ. ಈಗ್ಯಾಕೆ ಹೊಡೀತು?”

ರೇಡಿಯೋ ಕಿಟಕಿಯಾಚೆ ನೋಡಿದ. ಹೊಂದಿಸಿಕೊಂಡು ಬಂದ ಮಾತೆಲ್ಲ ಅಲ್ಲಿಗೇ ಮುಗಿದಿತ್ತು.

“ಸಿಸಿನ ನಾನು ಬದಲಾಯಿಸಿದ್ದೆ.”

“ಯಾತಕ್ಕೆ?”

“ಚದುರಂಗ ಆಡೋಕೆ” ಎಂದ. ಆ ಎರಡು ಪದ ಬಾಯಿಂದ ಹೊರಗೆ ಬರುವಾಗ, ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

ಮೇಡಂ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ಯಾರು ಯಾರಿಗೆ ಡಬ್ಬಿ ಹೋಗಿದೆ ಎಂದು ಕೇಳಿದರು, ಇವತ್ತಿನಿಂದಲೇ ಮನೆಮನೆಗೆ ಹೋಗಿ ಸರಿಮಾಡಿಕೊಟ್ಟು ಬರಬೇಕು ಎಂದರು, ನಾನೂ ಬರುತ್ತೇನೆ ಎಂದರು. ಅವನು ಬಾಗಿಲ ತನಕ ಹೋದ ಮೇಲೆ, “ನಿಮ್ಮ ಅತ್ತೇದೂ ಆಗ ಮಾಡಿದ್ದೇ ಅಲ್ವಾ?” ಎಂದರು. ಅವನು ತಿರುಗಿ ನೋಡದೆ ತಲೆಯಾಡಿಸಿದ.

ಡೀಫಾಲ್ಟನ್ನು ಹಿಂದಕ್ಕೆ ತಿರುಗಿಸಲು ಅದೇ ಆಜ್ಞೆ, ಅದೇ ಪಟ್ಟಿ, ಇನ್ನೊಂದು ಅಂಕಿ. ಒಂದು ಸಲ ಕೆಮ್ಮುವಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಇಷ್ಟು ಸುಲಭದ್ದನ್ನು ಮಾಡದೆ ಬಿಟ್ಟಿದ್ದನಲ್ಲ ಎಂಬುದೇ ಅವನಿಗೆ ಇನ್ನಷ್ಟು ನಾಚಿಕೆ ತಂದಿತು. ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಇನ್ನು ಮುಂದೆ ಬರೀ ‘ಸಿಸಿ’ ಎಂದು ಕರೆಯುವುದು ಬೇಡ, ಯಾವ ಕಂಪೈಲರು, ಅದರ ಯಾವ ಆವೃತ್ತಿ ಎಂದು ಪೂರ್ತಿ ಹೆಸರನ್ನೇ ಬರೆದಿಡಿ ಎಂದರು. ಅವನು ಬರೆದ. ಕಾವಲಿನ ಸಾಲನ್ನೂ ತಿದ್ದಿ, ಕೂಡಿಸುವ ಮೊದಲೇ ನೋಡುವಂತೆ ಮಾಡಿದ. ಅದನ್ನು ಬಡಗಿಯ ಡಬ್ಬಿಗೆ ಇಳಿಸಿದ ಮೇಲೆ ಮೇಡಂ ಆ ಯಂತ್ರವನ್ನು ಅವನ ಕಿವಿಗೇ ಹಾಕಿಸಿ, ಬೆಸುಗೆಯವರ ಕೈಗೆ ಒಂದು ತಗಡಿನ ತಟ್ಟೆ ಕೊಟ್ಟರು. ಬೆಸುಗೆಯವರು ಬಹಳ ದಿನದ ಬಾಕಿ ತೀರಿಸುವವರಂತೆ ಮನಸಾರೆ ಬಡಿದರು. ಸದ್ದು ದೊಡ್ಡದಾಗಿ ಬಂತು, ಸಿಡಿಯಲಿಲ್ಲ.

ಸಂಜೆ ಮನೆಗೆ ಬಂದಾಗ ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅತ್ತೆ ಬಾಲ್ಕನಿಯಲ್ಲಿ ಅವನಿಗೆ ಬೆನ್ನು ಮಾಡಿ ನಿಂತು ಒಣಗಿದ ಬಟ್ಟೆ ಮಡಚುತ್ತಿದ್ದರು. ವೈರು ಕಿವಿಯಲ್ಲೇ ಇತ್ತು.

“ಅತ್ತೆ” ಎಂದ. ತಿರುಗಲಿಲ್ಲ. ಇನ್ನೊಮ್ಮೆ ಕರೆದ. ಬಟ್ಟೆಯ ಅಂಚಿಗೆ ಅಂಚು ಕೂಡಿಸುತ್ತಲೇ ಇದ್ದರು. ಅವನು ಸುತ್ತಿಬಂದು ಎದುರು ನಿಂತಾಗ ಬೆಚ್ಚಿ, ಹೆಬ್ಬೆರಳಿನಿಂದ ಡಬ್ಬಿಯ ಗುಂಡಿಯನ್ನು ಸದ್ದಿಲ್ಲದೆ ಸರಿಸಿ, “ಏನು ಅಳಿಯಂದಿರೇ, ಬೇಗ ಬಂದ್ರಲ್ಲ?” ಎಂದರು.

“ಆಫ್ ಮಾಡಿಟ್ಟಿದ್ರಿ.”

“ಬ್ಯಾಟ್ರಿ ಉಳೀಲಿ ಅಂತ.”

“ಅತ್ತೆ, ನಿಜ ಹೇಳಿ. ಎಲ್ಲರೂ ನಗೋವಾಗ ಕಿವೀಲಿ ಏನಾಗುತ್ತೆ?”

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಇನ್ನೊಂದು ಸಲ ಮಡಚಿದರು. “ಏನಿಲ್ಲ. ಒಂಚೂರು ಪಟ್ ಅನ್ನುತ್ತೆ.”

“ಒಂಚೂರಲ್ಲ. ನಾನು ಇವತ್ತು ಹಾಕ್ಕೊಂಡು ನೋಡ್ದೆ.”

“ಅಭ್ಯಾಸ ಆಗುತ್ತೆ ಅಂದ್ಕೊಂಡೆ. ಮಗ್ಗದ ಸದ್ದೂ ಮೊದಮೊದಲು ಹೀಗೇ ತಲೆ ತಿನ್ನೋದು.”

“ಒಂದು ಮಾತು ಹೇಳಬಾರ್ದಿತ್ತಾ?”

“ಹೇಗೆ ಹೇಳ್ಲಿ? ನೀವೇ ಕೂತು ಮಾಡಿದ್ದು. ಬೀದಿಗೆಲ್ಲ ಹೇಳ್ಕೊಂಡು ಬಂದ್ರಿ. ನಾನು ಸರಿಯಿಲ್ಲ ಅಂದ್ರೆ ನಿಮ್ಮ ಮೇಡಮ್ಮಿಗೆ ಗೊತ್ತಾಗುತ್ತೆ. ಹೊಸ ಕೆಲಸ. ನನ್ನಿಂದ ನಿಮಗೊಂದು ಮಾತು ಬರೋದು ಬೇಡ ಅಂತ.”

ರೇಡಿಯೋ ಬಾಲ್ಕನಿಯ ಕಂಬಿ ಹಿಡಿದುಕೊಂಡ. “ನಿನ್ನೆ ಊಟದ ಹೊತ್ತಲ್ಲಿ ನಾನು ಅಂದಿದ್ದು...”

“ಕೇಳಿಸ್ಲಿಲ್ಲ ನಂಗೆ. ಏಳೋವಾಗ್ಲೇ ಆಫ್ ಮಾಡಿದ್ದೆ.”

ಒಂದು ಗಳಿಗೆ ಅವನಿಗೆ ಜೀವ ಬಂದಂತಾಯಿತು. ಆಮೇಲೆ ಬಾಗಿಲಲ್ಲಿ ನಿಂತು ತನ್ನ ಮುಖವನ್ನೇ ನೋಡುತ್ತಿದ್ದ ಅವರ ಕಣ್ಣು ನೆನಪಾಯಿತು. ಗಿರಣಿಯೂ ನೆನಪಾಯಿತು.

“ಕೇಳಿಸ್ಲಿಲ್ಲ ಸರಿ. ಕಾಣಿಸ್ತಾ?”

ಅತ್ತೆ ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡರು. “ಹೊಟ್ಟೆ ಕಿವುಚುತ್ತೆ ಅನ್ನೋವಾಗ ನೀವು ತುಟಿ ಬಹಳ ಅಗಲ ಮಾಡ್ತೀರಿ” ಎಂದರು.

ಅವನಿಗೆ ತಲೆಯೆತ್ತಲಾಗಲಿಲ್ಲ. ನೆಲ ನೋಡುತ್ತಾ ಏನೇನೋ ತೊದಲಿದ: ಚದುರಂಗ, ಕಂಪೈಲರು, ತಪ್ಪಾಯಿತು, ಕ್ಷಮಿಸಿ. ಅರ್ಧ ಹೇಳಿದ ಮೇಲೆ, ತಾನು ತಲೆ ಬಗ್ಗಿಸಿ ತೊದಲಿದರೆ ಯಂತ್ರಕ್ಕೂ ಸಿಗುವುದಿಲ್ಲ, ಅವರಿಗೆ ತುಟಿಯೂ ಕಾಣುವುದಿಲ್ಲ ಎಂಬುದು ಹೊಳೆದು, ಮುಖ ಎತ್ತಿ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಅದು ಇನ್ನೂ ಕಷ್ಟವಾಗಿತ್ತು.

ಅತ್ತೆ ಪೂರ್ತಿ ಕೇಳಿದರು. ಡಬ್ಬಿ ಬಿಚ್ಚಿ ಅವನ ಕೈಗಿಟ್ಟರು. “ಸರಿ, ರಿಪೇರಿ ಮಾಡ್ಕೊಡಿ. ಮನೆಯವರಿಗೆಲ್ಲ ಹೇಳೋಕೆ ಹೋಗ್ಬೇಡಿ. ಚಿಕ್ಕವರ ಮುಂದೆ ನಿಮ್ಮ ಮರ್ಯಾದೆ ಯಾಕೆ ಹೋಗ್ಬೇಕು?”

ಆ ಮಾತು ಕೇಳಿ ರೇಡಿಯೋಗೆ ಆದದ್ದು ಸಮಾಧಾನ. ಎದೆಯ ಮೇಲಿನ ಕಲ್ಲು ಇಳಿಸಿದಂಥ ಸಮಾಧಾನ. ಹಾಗೆ ಆಯಿತಲ್ಲ ಎಂಬ ನಾಚಿಕೆ ಅದರ ಬೆನ್ನಿಗೇ ಬಂತು. ಆದರೂ ಹೆಂಡತಿ ಬಂದು, “ಏನ್ರೀ, ಮುಖ ಯಾಕೆ ಹೀಗಿದೆ?” ಎಂದು ಕೇಳಿದಾಗ, “ಬಸ್ಸಲ್ಲಿ ನಿಂತು ಬಂದೆ” ಎಂದುಬಿಟ್ಟ.

ಆ ವಾರವೆಲ್ಲ ಅವನು ಮೇಡಂ ಜೊತೆ ಮನೆ ಮನೆ ತಿರುಗಿದ. ಬಾಗಿಲು ತೆರೆದವರಿಗೆ “ತಪ್ಪು ನಮ್ಮದು” ಎಂದು ಮೇಡಂ ಹೇಳುತ್ತಿದ್ದರು. ‘ನಮ್ಮದು’ ಎಂದಾಗಲೆಲ್ಲ ಅವನಿಗೆ ಮೈ ಮುದುಡುತ್ತಿತ್ತು. ಜನ ಕೂಗಾಡುತ್ತಾರೆ ಎಂದು ಹೆದರಿದ್ದ. ಯಾರೂ ಯಂತ್ರವನ್ನು ಬೈದಿರಲಿಲ್ಲ, ತಮ್ಮ ಕಿವಿಯನ್ನೇ ಬೈದುಕೊಂಡಿದ್ದರು. ಒಬ್ಬ ದರ್ಜಿ ಡಬ್ಬಿಯನ್ನು ನೂಲಿನ ಉಂಡೆಗಳ ಡ್ರಾಯರಿನಲ್ಲಿ ಮುಚ್ಚಿಟ್ಟು, ಕೊಡಿಸಿದ ಮಗಳಿಗೆ “ಬಹಳ ಚೆನ್ನಾಗಿದೆ” ಎಂದು ಹೇಳುತ್ತಾ ಬಂದಿದ್ದ. ಒಬ್ಬ ನಿವೃತ್ತ ನರ್ಸಮ್ಮ ಮೊಮ್ಮಗು ಅತ್ತಾಗ ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. “ನಂಗೆ ಮಕ್ಕಳ ಅಳು ಸಹಿಸೋಕಾಗದಷ್ಟು ವಯಸ್ಸಾಯ್ತು ಅಂದ್ಕೊಂಡಿದ್ದೆ” ಎಂದರು. ತಿದ್ದಿದ ಯಂತ್ರ ಹಾಕಿಕೊಂಡು ಒಳಗೆ ಹೋಗಿ ಮಗುವನ್ನು ಎತ್ತಿ ತಂದರು. ಅವತ್ತು ಅದು ಏನು ಮಾಡಿದರೂ ಅಳಲೊಲ್ಲದು. ಮೇಡಂ ನಕ್ಕರು. ರೇಡಿಯೋ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಹೊರಗೆ ಹೋಗಿ ನಿಂತ.

ಮುಂದಿನ ಭಾನುವಾರ ಭಾವಮೈದುನ ಹೆಂಡತಿಯೊಡನೆ ಊಟಕ್ಕೆ ಬಂದ. ಅತ್ತೆಯ ಯಂತ್ರ ಸರಿಯಾಗಿತ್ತು. ರೇಡಿಯೋ ಮಾತ್ರ ಕೆಟ್ಟಿತ್ತು. ತಲೆ ತಗ್ಗಿಸಿ ತಿನ್ನುತ್ತಿದ್ದ. ಮೇಜು ಬಿಕೋ ಎನ್ನುತ್ತಿದ್ದುದನ್ನು ಸಹಿಸಲಾರದೆ ಭಾವಮೈದುನನೇ ತನ್ನ ಆಫೀಸಿನ ಏನೋ ಒಂದನ್ನು ಹೇಳಿದ. ಹೇಳುವವನಿಗೇ ಮೊದಲು ನಗು ಬಂತು. ನಗುತ್ತಲೇ ಅಮ್ಮನ ಕಡೆ ತಿರುಗಿ, “ಅಮ್ಮಾ, ಲೈಸೆನ್ಸ್ ಇದೆಯೇನಮ್ಮ? ಇಲ್ಲಾಂದ್ರೆ ಬಾಯಿ ಮುಚ್ಕೊಂಡು ನಗ್ತೀವಿ” ಎಂದ. ಅವನ ಹೆಂಡತಿ ಕಿಸಕ್ಕೆಂದಳು.

ಅತ್ತೆಗೆ ಈಗ ಪ್ರತಿಯೊಂದು ಅಕ್ಷರವೂ ಚೆನ್ನಾಗಿ ಕೇಳಿಸಿತು. ಅವರು ರೇಡಿಯೋನ ಕಡೆ ನೋಡಲಿಲ್ಲ. ಮಗನನ್ನು ನೋಡಿ ಹೋದ ವಾರದ್ದೇ ನಗು ನಕ್ಕು, ನೀರಿನ ಜಗ್ಗು ಎತ್ತಿಕೊಂಡರು.

“ಅದು ನಾನು ಕಲಿಸಿದ ಮಾತು. ಅದನ್ನ ಇನ್ನು ಯಾರೂ ಆಡಬೇಡಿ” ಎಂದ ರೇಡಿಯೋ. ದನಿ ಅವನದೇ ಎಂದು ಯಾರೂ ನಂಬುವಂತಿರಲಿಲ್ಲ.

ಭಾವಮೈದುನ ಇದೂ ತಮಾಷೆಯ ಪೀಠಿಕೆ ಎಂದುಕೊಂಡು ಹಲ್ಲು ಬಿಟ್ಟು ಕಾದ. ರೇಡಿಯೋ ಹೇಳಿದ. ನಟಿಸಲಿಲ್ಲ, ಕೈ ಆಡಿಸಲಿಲ್ಲ. ಚದುರಂಗಕ್ಕಾಗಿ ಕಂಪೈಲರು ಬದಲಿಸಿದ್ದು, ಅದರಿಂದ ಜೋರು ಸದ್ದು ಬಂದಾಗಲೆಲ್ಲ ಅತ್ತೆಯ ಕಿವಿಗೆ ಪೆಟ್ಟು ಬೀಳುತ್ತಿದ್ದದ್ದು, ತನ್ನ ಮರ್ಯಾದೆ ಉಳಿಸಲು ಅವರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದದ್ದು, ಯಂತ್ರ ಆಫ್ ಮಾಡಿಕೊಂಡಿದ್ದರೂ ಅವತ್ತು ತಾನು ಆಡಿದ ಮಾತನ್ನು ತುಟಿಯಿಂದಲೇ ಓದಿಕೊಂಡದ್ದು. ಭಾವಮೈದುನನ ಹಲ್ಲು ಒಂದೊಂದಾಗಿ ಒಳಗೆ ಹೋದವು. ಯಾರೂ ತಟ್ಟೆ ಮುಟ್ಟಲಿಲ್ಲ.

“ಯಾವಾಗ ಗೊತ್ತಾಯ್ತು ಇದು?” ಎಂದಳು ಹೆಂಡತಿ.

“ಸೋಮವಾರ.”

“ಇವತ್ತು ಭಾನುವಾರ.”

ಅವನು ಹೌದೆಂದು ತಲೆಯಾಡಿಸಿದ.

“ಗುರುವಾರ ನಾನು ಅಮ್ಮನ ಜೊತೆ ಜಗಳ ಆಡಿದೀನಿ ರೀ. ನನ್ನ ಗಂಡ ನಿಂಗೆ ಕಿವಿ ಮಾಡ್ಕೊಟ್ಟಿದಾರೆ, ನೀನು ಅವರ ಮುಖಕ್ಕೆ ಹೊಡೆದ ಹಾಗೆ ಎದ್ದು ಹೋಗ್ತೀಯಲ್ಲ, ನಾಚಿಕೆ ಆಗಲ್ವಾ ಅಂತ ಕೇಳಿದೀನಿ. ಅಮ್ಮ, ಇನ್ನು ಮೇಲೆ ಏಳಲ್ಲ ಕಣೇ ಅಂದ್ಲು. ನೀವು ಆಗ ಪಕ್ಕದ ರೂಮಲ್ಲೇ ಇದ್ರಿ.”

ನಿಜ, ಅವನು ಪಕ್ಕದ ಕೋಣೆಯಲ್ಲಿದ್ದ. ಮಾತು ಸ್ಪಷ್ಟವಾಗಿ ಕೇಳಿಸಿರಲಿಲ್ಲ, ಕೇಳಿಸಿಕೊಳ್ಳಬೇಕೆಂದೂ ಅನ್ನಿಸಿರಲಿಲ್ಲ. ದನಿ ಏರಿದ್ದು ಗೊತ್ತಾಗಿ, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿದ್ದ. ಈಗ ಅದನ್ನು ಹೇಳಿದರೆ ಇನ್ನೂ ಕೆಳಗಿಳಿಯುತ್ತೇನೆ ಎಂದು ತಿಳಿದೂ, “ಬಾಗಿಲು ಮುಚ್ಚಿದ್ದು ನಾನೇ” ಎಂದ.

ಹೆಂಡತಿ ಎದ್ದು ಅಮ್ಮನ ಪಕ್ಕ ಹೋಗಿ ನಿಂತಳು. ಅವರ ಕೈಯಿಂದ ಜಗ್ಗು ತೆಗೆದುಕೊಂಡಳು. ಭಾವಮೈದುನ ತನ್ನ ತಟ್ಟೆ ನೋಡುತ್ತಾ, “ನಾನೂ ಅಂದ್ಬಿಟ್ನಲ್ಲಮ್ಮ” ಎಂದ. ಅತ್ತೆ ಮಾತ್ರ, “ಆರಿಹೋಗ್ತಿದೆ, ಊಟ ಮಾಡಿ ಮೊದ್ಲು” ಎಂದು ಎಲ್ಲರಿಗೂ ಗದರಿದರು. ಊಟ ಮುಗಿಯಿತು. ಯಾರಿಗೂ ರುಚಿ ಹತ್ತಲಿಲ್ಲ.

ಆಮೇಲೆ ಕೆಲವು ದಿನ ಮನೆಯಲ್ಲಿ ಹೆಂಡತಿ ಅವನೊಡನೆ ಬೇಕಾದಷ್ಟು ಮಾತ್ರ ಮಾತಾಡಿದಳು. ಬೀಗದ ಕೈ ಎಲ್ಲಿ, ಹಾಲು ತಂದಿರಾ, ಅಷ್ಟೇ. ಅವನೂ ಹೆಚ್ಚು ಬಾಯಿ ಬಿಡಲಿಲ್ಲ. ಕಾರ್ಯಾಗಾರದಲ್ಲಿ ಚದುರಂಗದ ಪ್ರೋಗ್ರಾಮನ್ನು ಅಳಿಸಿಹಾಕಿದ. ಹಾಗೆ ಮಾಡುವಂತೆ ಯಾರೂ ಹೇಳಿರಲಿಲ್ಲ. ಹೊಸ ಕಂಪೈಲರನ್ನು ತೆಗೆಯಲು ಹೋದಾಗ ಮೇಡಂ ತಡೆದರು. “ಅದೇನು ಮಾಡಿತ್ತು ಪಾಪ? ಇರಲಿ. ಹೆಸರು ಹಿಡಿದು ಕರೀರಿ, ಅಷ್ಟೇ.”

ಒಂದು ಸಂಜೆ ಅವನು ಹಜಾರದಲ್ಲಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದಾಗ ಅತ್ತೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಡಬ್ಬಿಯನ್ನು ಕ್ಲಿಪ್ಪಿನಿಂದ ಬಿಡಿಸಿ ಅವನ ಮುಂದೆ ಹಿಡಿದರು.

“ಅಳಿಯಂದಿರೇ, ಇದು ಸರಿಯಿಲ್ಲ.”

ರೇಡಿಯೋನ ಕೈಯಲ್ಲಿದ್ದ ಬ್ರಷ್ಷು ನಿಂತಿತು. “ಮತ್ತೆ ಸಿಡೀತಾ?”

“ಸಿಡಿಯಲ್ಲ. ಆ ಫ್ರಿಜ್ಜಿನ ಗುಂಯ್ ಅನ್ನೋ ಸದ್ದು ವಿಪರೀತ ಕೇಳುತ್ತೆ. ಪಕ್ಕದಲ್ಲಿ ಮಾತಾಡೋರದು ಕೇಳಲ್ಲ, ಫ್ರಿಜ್ ಮಾತ್ರ ಕೇಳುತ್ತೆ. ಈ ವೈರೂ ಗಿಡ್ಡ ಆಯ್ತು, ಬಗ್ಗಿದ್ರೆ ಎಳೆಯುತ್ತೆ. ಎರಡೂ ನೋಡಿ.” ಸ್ವಲ್ಪ ಯೋಚಿಸಿ, “ಗುಂಡೀನೂ ಬಿಗಿ” ಎಂದು ಸೇರಿಸಿದರು.

“ನಾಳೆನೇ ಮಾಡ್ತೀನಿ ಅತ್ತೆ.”

“ನಾಳೆ ಅಂದ್ರೆ ನಾಳೆ. ಮಾಡಿದ ಮೇಲೆ ನಾನು ಹಾಕ್ಕೊಂಡು ನೋಡ್ತೀನಿ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತೀನಿ.”

“ಹೇಳಿ” ಎಂದ ಅವನು. ಕಣ್ಣು ತುಂಬಿಬಂದದ್ದು ಕಾಣಬಾರದೆಂದು ಶೂ ಕಡೆ ಬಗ್ಗಿದ. ಮತ್ತೆ ನೆನಪಾಗಿ, ಯಂತ್ರವಿಲ್ಲದ ಅವರಿಗೆ ತುಟಿ ಕಾಣುವಂತೆ ಮುಖ ಎತ್ತಿ ಇನ್ನೊಮ್ಮೆ, “ಖಂಡಿತ ಹೇಳಿ” ಎಂದ.

ಅಡುಗೆಮನೆಯೊಳಗಿಂದ ಹೆಂಡತಿ ಇಣುಕಿದಳು. ಇಬ್ಬರನ್ನೂ ನೋಡಿದಳು. “ರೀ, ಆ ಪಾಲಿಶ್ ಕೈಲಿ ಅದನ್ನ ಮುಟ್ಟಬೇಡಿ, ಮೊದ್ಲು ಕೈ ತೊಳ್ಕೊಳ್ಳಿ” ಎಂದಳು. ಅವನು ಎದ್ದು ಹೋಗಿ ಕೈ ತೊಳೆದುಕೊಂಡ. ಕರಿ ಬಣ್ಣ ಉಗುರಿನ ಸಂದಿಯಲ್ಲಿ ಉಳಿದುಬಿಟ್ಟಿತ್ತು. ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಕೈ ಒರೆಸಿಕೊಂಡು ಬಂದು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.